ನಿಮ್ಮ ಪಂಪಿಗೆ ಮೀಟರ್ ಕೂಡ್ಸೋಣೇನ್ರಿ?

ಅಳಿಯ ವಾಪಸ್ ಹೋಗಿ ಮೂರು ದಿನ ಆಯ್ತು. ಅವನು ತಂದ ಬಾಳೆಕಾಯಿ ಚಿಪ್ಸ್ ಡಬ್ಬಿ ಖಾಲಿ. ಅವನಾಡಿದ ಮಾತು ಮಾತ್ರ ಇನ್ನೂ ನವನಗರದ ನಮ್ಮ ಪಡಸಾಲೆಯಲ್ಲೇ ಕೂತಿದೆ.

ಲಾಗೋಸ್‌ನಲ್ಲಿ ಲೆಕ್ಕ ಬರೆಯೋ ಕೆಲಸ ಅವನದು. ಊಟಕ್ಕೆ ಕೂತಾಗ ನೈಜೀರಿಯಾದ ಮಾತು ಬಂತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸವೆದವನು ನಾನು, ಇಂಥ ವಿಷಯ ಬಂದರೆ ಬಾಯಿ ಸುಮ್ನಿರಲ್ಲ. 2023ರ ಮೇ 29ರಂದು ಬೋಲಾ ಟಿನುಬು ಅಧ್ಯಕ್ಷರಾದ ದಿನವೇ ಪೆಟ್ರೋಲ್ ಸಬ್ಸಿಡಿ ಮುಗೀತು ಅಂದುಬಿಟ್ಟರು. ನಾನು ಆಗಲೇ ಭೇಷ್ ಅಂದಿದ್ದೆ. ಮೊನ್ನೆಯೂ ಅಂದೆ. 2022ರಲ್ಲಿ ಈ ಸಬ್ಸಿಡಿಗೆ ಸುರಿದದ್ದು 4 ಲಕ್ಷ ಕೋಟಿ ನೈರಾಕ್ಕೂ ಜಾಸ್ತಿ. ಅಗ್ಗದ ಪೆಟ್ರೋಲ್ ಕಳ್ಳದಾರಿಯಲ್ಲಿ ಪಕ್ಕದ ದೇಶ ಬೆನಿನ್‌ಗೆ ಹೋಗಿ ರಸ್ತೆ ಬದಿ ಬಾಟಲಿಯಲ್ಲಿ ಮಾರಾಟ ಆಗ್ತಿತ್ತು. ಯಾರ ದುಡ್ಡು ಅದು?

"ಎಣ್ಣಿ ಅವರ ನೆಲದಾಗ ಐತಿ ಅಂತೀರಿ, ಮತ್ಯಾಕ ಸಬ್ಸಿಡಿ?" ಅಂದಳು ಅವ್ವ.

ಸರ್ಕಾರದ ರಿಫೈನರಿಗಳು ಕೆಟ್ಟು ಕೂತಿದ್ದವು, ಕಚ್ಚಾ ಎಣ್ಣೆ ಮಾರಿ ಪೆಟ್ರೋಲ್ ಹೊರಗಿಂದ ತರಿಸ್ತಿದ್ರು, ಈಗ ಅಲ್ಲಿನ ದೊಡ್ಡ ಉದ್ಯಮಿ ಡಾಂಗೋಟೆಯ ಖಾಸಗಿ ರಿಫೈನರಿ ಬಂದಿದೆ ಅಂತ ಅಳಿಯ ಬಿಡಿಸಿ ಹೇಳಿದ.

"ಹಂಗಾರ ನಮ್ಮಂಗ ಅನ್ನು. ಕಬ್ಬು ಫ್ಯಾಕ್ಟರಿಗೆ ಹಾಕಿ, ಸಕ್ರಿ ಅಂಗಡ್ಯಾಗ ತರೂದು."

ನನ್ನ ಯಾವ ಮ್ಯಾನೇಜರೂ ಇಷ್ಟು ಸಲೀಸಾಗಿ ಹೇಳ್ತಿರಲಿಲ್ಲ.

ಆಮೇಲೆ ಅಳಿಯ ಆಫೀಸಿನ ವಾಚ್‌ಮನ್ ಕತೆ ತೆಗೆದ. ಲೀಟರಿಗೆ 190 ನೈರಾ ಆಸುಪಾಸು ಇದ್ದ ಪೆಟ್ರೋಲ್ ಕೆಲವೇ ದಿನದಲ್ಲಿ 500ರ ಹತ್ತಿರ ಹೋಯ್ತು. ಹಳದಿ ಡಾನ್ಫೋ ವ್ಯಾನುಗಳ ಚಾರ್ಜೂ ಏರಿತು. ವಾಚ್‌ಮನ್ ದಿನಾ ಮನೆಗೆ ಹೋಗೋದನ್ನೇ ಬಿಟ್ಟ. ಜನರೇಟರ್ ಹಿಂದೆ ಚಾಪೆ ಹಾಸಿ ಮಲಗ್ತಿದ್ದ, ಶನಿವಾರಕ್ಕೊಮ್ಮೆ ಹೆಂಡತಿ ಮಕ್ಕಳ ಮುಖ. ಚಾಪೆಗೆ ಡೀಸೆಲ್ ವಾಸನೆ ಹತ್ತಿತ್ತಂತೆ.

"ಆದ್ರೂ ತೆಗೆದದ್ದು ಸರಿ ಐತಿ" ಅಂದೆ ನಾನು.

ಅಳಿಯ ರೊಟ್ಟಿ ಮುರೀತಾ, ತಲೆ ಎತ್ತದೆ ಕೇಳಿದ: "ಮಾಮಾ, ಹಂಗಾರ ನಿಮ್ಮ ಪಂಪಿಗೆ ಮೀಟರ್ ಕೂಡ್ಸೋಣೇನ್ರಿ?"

ಹೆಂಡತಿ ನಕ್ಕಳು. ಬೇಕಾದ್ದಕ್ಕಿಂತ ಜಾಸ್ತಿನೇ ನಕ್ಕಳು.

ಮುಧೋಳದ ಹತ್ತಿರ ನಮ್ಮದು ನಾಲ್ಕು ಎಕರೆ ಕಬ್ಬು. 10 ಎಚ್‌ಪಿ ತನಕದ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ, ನನ್ನದು ಏಳೂವರೆ. "ರೈತರ ವಿಷಯ ಬ್ಯಾರೆ" ಅಂದೆ. ಈ ರೈತ ಹೊಲಕ್ಕೆ ಹೋಗೋದು ತಿಂಗಳಿಗೆ ಎರಡು ಸಲ. ಪಿಂಚಣಿ ಬೇರೆ ಬರುತ್ತೆ. ನಾಳೆ ಮೀಟರ್ ಹಿಡಿದು ಯಾರಾದ್ರೂ ಬಂದ್ರೆ ರಸ್ತಾ ರೋಕೋದಲ್ಲಿ ಮುಂದಿನ ಸಾಲಿನಲ್ಲಿ ನಾನೇ ಇರ್ತೀನಿ. ನನ್ನ ತಲೆಯೊಳಗೆ ಆ ವಾಚ್‌ಮನ್ ಚಾಪೆ ಸುತ್ತಿಟ್ಟು ಡ್ಯೂಟಿಗೆ ನಿಂತ.

ಸಬ್ಸಿಡಿ ಹೋಗಬೇಕಿತ್ತು ಅನ್ನೋದನ್ನ ಈಗಲೂ ಬಿಟ್ಟುಕೊಡಲ್ಲ. ಆದರೆ ಹೋದ ರೀತಿ? ನಮ್ಮಲ್ಲಿ 2013ರ ಜನವರಿಯಿಂದ ಡೀಸೆಲ್‌ಗೆ ತಿಂಗಳಿಗೆ 50 ಪೈಸೆಯಂತೆ ಏರಿಸುತ್ತಾ ಬಂದು, 2014ರ ಅಕ್ಟೋಬರ್‌ನಲ್ಲಿ ದರ ಮಾರುಕಟ್ಟೆಗೆ ಬಿಟ್ಟರು. ಗೊಣಗಿದ್ವಿ, ಮರೆತ್ವಿ. ನೈಜೀರಿಯಾದವರು 2012ರ ಜನವರಿ 1ರಂದೂ ಒಮ್ಮೆಲೇ ತೆಗೆದಿದ್ರು. ಜನ ಬೀದಿಗಿಳಿದರು, ಎರಡೇ ವಾರದಲ್ಲಿ ಸರ್ಕಾರ ದರ ಇಳಿಸಬೇಕಾಯ್ತು. ಅಷ್ಟಾದ ಮೇಲೂ 2023ರಲ್ಲಿ ಪೆಟ್ರೋಲ್ ಏರಿದ್ದು ಮೇ ಕೊನೆಗೆ. ಬಡ ಕುಟುಂಬಕ್ಕೆ ಮೂರು ತಿಂಗಳು 25,000 ನೈರಾದಂತೆ ಕೊಡ್ತೀವಿ ಅಂದದ್ದು ಅಕ್ಟೋಬರ್‌ಗೆ. ಬ್ಯಾಂಕಿನಲ್ಲಿ ಹೀಗೆ ಮೊದಲು ಜಪ್ತಿ, ಆಮೇಲೆ ನೋಟಿಸ್ ಅಂದಿದ್ರೆ ನನ್ನ ನೌಕರಿ ಉಳೀತಿರಲಿಲ್ಲ.

ಇದನ್ನೆಲ್ಲ ಅಳಿಯನಿಗೆ ಹೇಳಬೇಕಿತ್ತು. ಹೊಳೆದದ್ದು ಅವನ ಬಸ್ಸು ಹೋದ ಮೇಲೆ.

ನಿನ್ನೆ ಹೊಲಕ್ಕೆ ಹೋಗಿದ್ದೆ. ಪಂಪ್ ಮನೆಯಲ್ಲಿ ಸ್ಟಾರ್ಟರ್ ಡಬ್ಬಿ ಪಕ್ಕ ಗೋಡೆ ಖಾಲಿ ಇದೆ, ಮೀಟರ್ ಕೂಡಿಸೋವಷ್ಟು. ಯಾಕೋ ಗೇಣು ಹಾಕಿ ನೋಡಿದೆ.

"ಏನ್ ನೋಡಾಕತ್ತೀರಿ ಸಾವ್ಕಾರ್ರ?" ಅಂದ ಆಳು.

"ಹಲ್ಲಿ" ಅಂದೆ.