ಚಾರ್ಮಾಡಿಯಲ್ಲಿ ಕಳಚಿದ ಚೈನ್ ಲಾಕ್

ಮಳೆಗಾಲ ಹತ್ತಿರ ಬಂತು ಅಂದರೆ ಬೈಕ್ ಓಡಿಸುವ ನಮ್ಮ ಹುಡುಗರು ಕೇಳುವುದು ಎರಡೇ ಪ್ರಶ್ನೆ. ಯಾವ ಜಾಕೆಟ್ ತಗೊಳ್ಳಲಿ, ಯಾವ ಫಾಗ್ ಲೈಟ್ ಹಾಕಿಸಲಿ. ಚೈನ್ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ, ಚಾರ್ಮಾಡಿ ಘಾಟಿಯ ಮಳೆಯಲ್ಲಿ ನಿಂತುಬಿಡುವವರೆಗೆ.

ಅವತ್ತು ಜುಲೈ ತಿಂಗಳ ಒಂದು ಭಾನುವಾರ. ಹಾಸನದಿಂದ ಬೆಳಿಗ್ಗೆ ಹೊರಟು ಸಕಲೇಶಪುರ, ಶಿರಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿದ್ದೆವು. ವಾಪಸ್ಸು ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು, ಬೇಲೂರು ಮೇಲೆ ಮನೆ ಸೇರುವ ಲೆಕ್ಕ. ನಾಲ್ಕು ಬೈಕ್. ಉಜಿರೆಯಲ್ಲಿ ತುಂತುರು ಇದ್ದದ್ದು ಘಾಟಿ ಶುರುವಾಗುವ ಹೊತ್ತಿಗೆ ಜೋರಾಯಿತು. ಒಂದು ಹೇರ್‌ಪಿನ್ ತಿರುವು ಮುಗಿಸಿ ಆಕ್ಸಿಲರೇಟರ್ ಕೊಟ್ಟೆ, ಟಪ್ ಅಂತ ಸದ್ದು ಬಂತು, ಇಂಜಿನ್ ಒಂದೇ ಸಮ ಕಿರುಚುತ್ತಿದೆ, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ತಿರುಗಿ ನೋಡಿದರೆ ಚೈನ್ ಹತ್ತು ಮಾರು ಹಿಂದೆ ರಸ್ತೆಯಲ್ಲಿ ಬಿದ್ದಿತ್ತು. ಅದು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿದ್ದರೆ ಚಕ್ರ ಅಲ್ಲೇ ಲಾಕ್ ಆಗುತ್ತಿತ್ತು. ಹಿಂದೆ ಒಂದು ಲಾರಿ ಬರುತ್ತಿತ್ತು. ಡ್ರೈವರ್ ನಿಧಾನ ಮಾಡಿ ತಲೆ ಹೊರಗೆ ಹಾಕಿ, "ಎಂತ ಆಯ್ತು ಮಾರಾಯ್ರೆ?" ಅಂತ ಕೇಳಿದ. ಆ ದನಿ ಈಗಲೂ ಕಿವಿಯಲ್ಲಿದೆ.

ಗೆಳೆಯನೊಬ್ಬ ತನ್ನ ಟೂಲ್ ಕಿಟ್ಟಿನಿಂದ ಸಣ್ಣ ಪ್ಲಾಸ್ಟಿಕ್ ಪೊಟ್ಟಣ ತೆಗೆದ. ಅದರಲ್ಲಿ ಒಂದು ಚೈನ್ ಲಾಕ್ ಇತ್ತು. ಚೈನಿನ ಎರಡು ತುದಿಗಳನ್ನು ಸೇರಿಸುವ ಕೊಂಡಿ ಅದು. ಎರಡು ಪಿನ್ ಇರುವ ಒಂದು ಪ್ಲೇಟು, ಮೇಲೆ ಮುಚ್ಚುವ ಇನ್ನೊಂದು ಪ್ಲೇಟು, ಅದು ಕಳಚದ ಹಾಗೆ ಹಿಡಿಯುವ ಮೀನಿನಾಕಾರದ ಪುಟ್ಟ ಕ್ಲಿಪ್. ಈ ಕ್ಲಿಪ್ಪಿನ ಒಂದು ಕಡೆ ಮುಚ್ಚಿರುತ್ತದೆ, ಅದು ಮೀನಿನ ಮೂತಿ. ಇನ್ನೊಂದು ಕಡೆ ಸೀಳಿರುತ್ತದೆ, ಅದು ಬಾಲ. ಚೈನ್ ಓಡುವ ದಿಕ್ಕಿಗೆ ಮೂತಿ ಇರಬೇಕು. ಅಂದರೆ ಕೊಂಡಿ ಚೈನಿನ ಮೇಲಿನ ಸಾಲಿಗೆ ಬಂದಾಗ ಮೂತಿ ಇಂಜಿನ್ ಕಡೆಗೆ, ಬಾಲ ಹಿಂದಕ್ಕೆ. ಉಲ್ಟಾ ಹಾಕಿದರೆ ಒಂದು ಕಲ್ಲೋ ಕಡ್ಡಿಯೋ ಆ ಸೀಳಿಗೆ ತಗುಲಿದಾಗ ಕ್ಲಿಪ್ ಹಾರಿಹೋಗುತ್ತದೆ.

ಎರಡು ವಾರ ಮುಂಚೆ ಒಂದು ಗ್ಯಾರೇಜಿನಲ್ಲಿ ಚೈನ್ ಸೆಟ್ ಬದಲಾಯಿಸಿಕೊಂಡಿದ್ದೆ. ಕ್ಲಿಪ್ ಉಲ್ಟಾ ಕೂರಿಸಿರಬೇಕು ಅಂತ ಗೆಳೆಯನ ಅಂದಾಜು. ಬಿದ್ದ ಕ್ಲಿಪ್ ಸಿಗಲಿಲ್ಲ, ಹಾಗಾಗಿ ನಿಜ ಏನು ಅಂತ ಹೇಳಲಾರೆ. ಆದರೆ ಆ ಎರಡು ವಾರದಲ್ಲಿ ಒಂದು ಸಲ ಬಗ್ಗಿ ನೋಡಿದ್ದರೆ ನನಗೇ ಗೊತ್ತಾಗುತ್ತಿತ್ತು. ಅದಕ್ಕೇ ಇಷ್ಟು ಹೇಳುತ್ತಿರುವುದು. ಗ್ಯಾರೇಜಿನಿಂದ ಗಾಡಿ ತಂದ ದಿನವೇ ನಿಮ್ಮ ಕಣ್ಣಲ್ಲಿ ಒಂದು ಸಲ ನೋಡಿ. ಒಂದು ಚೈನ್ ಲಾಕ್ ಯಾವಾಗಲೂ ಜೊತೆಗಿರಲಿ, ಬೆಲೆ ಒಂದು ಊಟದಷ್ಟೂ ಇಲ್ಲ. ಸೈಜ್ ಚೈನಿನ ಪಕ್ಕದ ಪ್ಲೇಟಿನ ಮೇಲೇ ಇರುತ್ತದೆ, 100ರಿಂದ 160 ಸಿಸಿಯ ಬಹಳಷ್ಟು ಗಾಡಿಗಳಿಗೆ 428. ದೊಡ್ಡ ಬೈಕುಗಳಲ್ಲಿ ಸಾಮಾನ್ಯವಾಗಿ ಈ ಕ್ಲಿಪ್ ಇರುವುದಿಲ್ಲ, ಕೊಂಡಿಯನ್ನು ರಿವೆಟ್ ಮಾಡಿರುತ್ತಾರೆ.

ಚೈನ್ ಬಿಗಿ ಎಷ್ಟಿರಬೇಕು ಅನ್ನುವುದರಲ್ಲೂ ತುಂಬಾ ಜನ ತಪ್ಪುತ್ತಾರೆ. ಟೈಟ್ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಹಾಗಲ್ಲ. ಹಿಂದೆ ಒಬ್ಬರು ಕೂತು ಗುಂಡಿಗೆ ಇಳಿದಾಗ ಸಸ್ಪೆನ್ಷನ್ ಕುಸಿಯುತ್ತದೆ, ಆಗ ಚೈನ್ ಇನ್ನೂ ಬಿಗಿಯಾಗುತ್ತದೆ. ಮೊದಲೇ ಬಿಗಿ ಇದ್ದರೆ ಆ ಎಳೆತವೆಲ್ಲ ಗೇರ್‌ಬಾಕ್ಸಿನ ಬೇರಿಂಗಿಗೆ ಹೋಗುತ್ತದೆ. ಸಾಧಾರಣ ಗಾಡಿಗಳಲ್ಲಿ ಕೆಳಗಿನ ಸಾಲಿನ ಮಧ್ಯೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ 20ರಿಂದ 30 ಮಿ.ಮೀ. ಆಡಬೇಕು. ನಿಮ್ಮ ಗಾಡಿಯದು ಮ್ಯಾನುಯಲ್‌ನಲ್ಲಿ ಇರುತ್ತದೆ, ಕೆಲವಕ್ಕೆ ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್ ಮೇಲೆ ಸ್ಟಿಕ್ಕರ್ ಕೂಡ ಇರುತ್ತದೆ. ಒಂದೇ ಕಡೆ ನೋಡಬೇಡಿ. ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಒಂದು ಕಡೆ ಸಡಿಲ ಇನ್ನೊಂದು ಕಡೆ ಬಿಗಿ ಇದ್ದರೆ ಚೈನ್ ಸವೆದಿದೆ ಅಂತ ಅರ್ಥ. ಚೈನ್ ಕೂರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್, ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್ ಮೂರನ್ನೂ ಸೇರಿಸಿ ಬದಲಾಯಿಸಿ. ಹಳೇ ಸ್ಪ್ರಾಕೆಟ್ಟಿಗೆ ಹೊಸ ಚೈನ್ ಹಾಕಿದರೆ ದುಡ್ಡು ದಂಡ.

ತೊಳೆಯುವುದಕ್ಕೆ ಸೀಮೆಎಣ್ಣೆ ಸಾಕು, ಮೆತ್ತನೆಯ ಬ್ರಷ್ ಸಾಕು. ಕೊಂಡಿಗಳ ನಡುವೆ ರಬ್ಬರ್ ಉಂಗುರ ಇರುವ ಓ-ರಿಂಗ್ ಚೈನಿಗೆ ಪೆಟ್ರೋಲ್ ಹಾಕಬೇಡಿ, ರಬ್ಬರ್ ಹಾಳಾಗುತ್ತದೆ. ಒರೆಸಿ ಒಣಗಿದ ಮೇಲೆ ಲೂಬ್ ಅಥವಾ 90 ನಂಬರಿನ ಗೇರ್ ಆಯಿಲ್ ಒಳಬದಿಗೆ ಬಿಡಿ, ಜಾಸ್ತಿ ಆದದ್ದನ್ನು ಬಟ್ಟೆಯಲ್ಲಿ ಒರೆಸಿ. ಇಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಗೇರಿಗೆ ಹಾಕಿ ಚಕ್ರ ಓಡಿಸುತ್ತಾ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ಬೆರಳು ಹೋಗುತ್ತದೆ. ಬೇಸಿಗೆಯಲ್ಲಿ 500 ಕಿ.ಮೀ.ಗೆ ಒಮ್ಮೆ ಮಾಡುತ್ತೇನೆ. ಮಳೆಯಲ್ಲಿ ಲೆಕ್ಕ ಇಡುವುದಿಲ್ಲ, ನೆನೆದು ಬಂದ ದಿನ ರಾತ್ರಿಯೇ ಒರೆಸಿ ಎಣ್ಣೆ ಬಿಟ್ಟು ಮಲಗುತ್ತೇನೆ.

ಅಪ್ಪನ ಹತ್ತಿರ ಯೆಜ್ಡಿ ಇತ್ತು, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯದ್ದು. ಆ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆ ಗಾಡಿಯ ಚೈನ್ ಪೂರ್ತಿ ಮುಚ್ಚಿದ ಕೇಸಿನ ಒಳಗೆ ಓಡುತ್ತಿತ್ತು, ಕೆಸರೂ ಇಲ್ಲ ನೀರೂ ಇಲ್ಲ. ಅಪ್ಪ ಚೈನಿಗೆ ಕೈ ಹಾಕಿದ್ದು ನನಗೆ ನೆನಪೇ ಇಲ್ಲ. ಈಗಿನ ಹಲವು ಬೈಕುಗಳಲ್ಲಿ ನೋಡಲು ಚೆಂದ ಅಂತ ಚೈನನ್ನು ಬಯಲಿಗೆ ಬಿಟ್ಟಿದ್ದಾರೆ, ಹಾಗಾಗಿ ಆ ಕೆಲಸ ನಮ್ಮ ತಲೆಗೆ ಬಂತು.

ಟೈರ್ ವಿಷಯ ಬೇಗ ಹೇಳಿಬಿಡುತ್ತೇನೆ. ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ, 2322 ಅಂದರೆ 2022ನೇ ಇಸವಿಯ 23ನೇ ವಾರದಲ್ಲಿ ತಯಾರಾಗಿದ್ದು. ಹೊಸ ಟೈರ್ ಹಾಕಿಸುವಾಗಲೂ ಇದನ್ನು ನೋಡಿ. ಟೈರಿನ ಮೇಲಿನ ಸೀಳುಗಳ ಒಳಗಡೆ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ, ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಮುಗೀತು, ಮಳೆಗೆ ಹೋಗಬೇಡಿ. ಗಾಳಿ ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಬೇಕು.

ಬ್ರೇಕ್ ಬಗ್ಗೆ ಮಾತ್ರ ಸ್ವಲ್ಪ ಗಮನ ಕೊಡಿ. ಡಿಸ್ಕ್ ಬ್ರೇಕಿನ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಅದು ಬೇಗ ಕುದಿಯುತ್ತದೆ. ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಘಾಟಿ ಇಳಿದರೆ ಲಿವರ್ ಮೆತ್ತಗಾಗಿ ಹ್ಯಾಂಡಲ್ ತನಕ ಬರುವುದು ಅದಕ್ಕೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಗಾಡಿಯಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ (DOT) ನಂಬರಿನ ಆಯಿಲನ್ನೇ ಹಾಕಿಸಿ. ಇಳಿಯುವಾಗ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿಯಲಿ, ಬ್ರೇಕ್ ತಿರುವಿಗೆ ಮುಂಚೆ ಮಾತ್ರ. ಕ್ಲಚ್ ಹಿಡಿದು, ನ್ಯೂಟ್ರಲ್ ಮಾಡಿ ಇಳಿಯುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ.

ಇನ್ನು ಮೈಮೇಲೆ ಹಾಕುವ ರೈಡಿಂಗ್ ಗೇರ್. ದುಡ್ಡು ಕಮ್ಮಿ ಇದ್ದರೆ ಮೊದಲು ಹೆಲ್ಮೆಟ್, ಆಮೇಲೆ ಗ್ಲೌಸ್, ಆಮೇಲೆ ಶೂ, ಕೊನೆಗೆ ಜಾಕೆಟ್. ಬೀಳುವಾಗ ಎಲ್ಲರೂ ಮೊದಲು ಕೈ ಊರುತ್ತಾರೆ. ಅಂಗೈ ಚರ್ಮ ಹೋದರೆ ತಿಂಗಳುಗಟ್ಟಲೆ ಊಟ ಕೂಡ ಕಷ್ಟ, ನಾನು ನೋಡಿದ್ದೇನೆ. ಹೆಲ್ಮೆಟ್ಟಿಗೆ ಐಎಸ್‌ಐ ಗುರುತು 2021ರ ಜೂನ್‌ನಿಂದ ಕಡ್ಡಾಯ, ಅದರ ಮೇಲೆ ಐಎಸ್ 4151 ಅಂತ ಇರಬೇಕು. ಆದರೆ ಗುರುತಿಗಿಂತ ಅಳತೆ ಮುಖ್ಯ. ಅಂಗಡಿಯಲ್ಲೇ ಹಾಕಿಕೊಂಡು ಹತ್ತು ನಿಮಿಷ ಕೂರಿ. ಪಟ್ಟಿ ಬಿಗಿದು ತಲೆ ಆಡಿಸಿ, ಹೆಲ್ಮೆಟ್ ಜೊತೆಗೆ ಕೆನ್ನೆಯ ಚರ್ಮವೂ ಅಲ್ಲಾಡಿದರೆ ಸರಿಯಾಗಿದೆ. ಹಣೆಯಲ್ಲಿ ಒಂದೇ ಕಡೆ ನೋವು ಬಂದರೆ ಬೇರೆ ನೋಡಿ. ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಬೇಡಿ, ಹೊರಗೆ ಗೀರು ಮಾತ್ರ ಕಂಡರೂ ಒಳಗಿನ ಥರ್ಮೋಕೋಲ್ ಕುಸಿದಿರುತ್ತದೆ.

ಜಾಕೆಟ್ಟಿನ ಒಳಗೆ ಹಾಕುವ ರೈನ್ ಲೈನರ್ ನನಗೆ ಮಲೆನಾಡಿನಲ್ಲಿ ಸರಿಬರಲಿಲ್ಲ. ಮೈ ಒದ್ದೆಯಾಗುವುದಿಲ್ಲ ನಿಜ, ಆದರೆ ಹೊರಗಿನ ಜಾಕೆಟ್ ನೀರು ಕುಡಿದು ಭಾರವಾಗಿ, ಗಾಳಿಗೆ ಚಳಿ ಹಿಡಿಯುತ್ತದೆ. ಎಲ್ಲದರ ಮೇಲೆ ಹಾಕುವ ಸಾದಾ ರೈನ್ ಸೂಟ್ ಸಾಕು. ಗ್ಲೌಸಿನ ಕಫ್ ರೈನ್ ಕೋಟಿನ ತೋಳಿನ ಒಳಗಿರಲಿ, ಇಲ್ಲದಿದ್ದರೆ ತೋಳಿನಿಂದ ಇಳಿದ ನೀರೆಲ್ಲ ಗ್ಲೌಸಿಗೆ ತುಂಬುತ್ತದೆ. ಪ್ಯಾಂಟ್ ಶೂ ಮೇಲೆ ಬರಲಿ. ಹೆಲ್ಮೆಟ್ಟಿನ ಮುಂದಿನ ಗಾಜು, ಅಂದರೆ ವೈಸರ್, ಬಣ್ಣವಿಲ್ಲದ ಪಾರದರ್ಶಕದ್ದೇ ಇರಲಿ, ಚಾರ್ಮಾಡಿಯ ಮಂಜಿನಲ್ಲಿ ಕಪ್ಪು ವೈಸರ್ ಹಾಕಿದರೆ ಮುಂದಿನ ಗಾಡಿ ಕಾಣುವುದಿಲ್ಲ. ಒಳಗೆ ಮಂಜು ಕಟ್ಟದ ಹಾಗೆ ವೈಸರಿನ ಒಳಮೈಗೆ ಕೂರಿಸುವ ಪದರ, ಅಂದರೆ ಪಿನ್‌ಲಾಕ್ ಹಾಕಿಸಿದರೆ ಒಳ್ಳೆಯದು. ಅದಿಲ್ಲ ಅಂದರೆ ಒಂದು ಹನಿ ಪಾತ್ರೆ ಸೋಪು ತೆಳ್ಳಗೆ ಸವರಿ ಒಣಬಟ್ಟೆಯಲ್ಲಿ ಒರೆಸಿ, ಒಂದೆರಡು ಗಂಟೆ ನಡೆಯುತ್ತದೆ.

ಬರುವ ಭಾನುವಾರ ಮತ್ತೆ ಅದೇ ದಾರಿಯಲ್ಲಿ ಹೊರಟಿದ್ದೇವೆ. ಬರುವವರು ಶನಿವಾರ ಸಂಜೆ ನಾಲ್ಕಕ್ಕೆ ಗಾಡಿ ತಗೊಂಡು ನಮ್ಮ ಮನೆ ಹತ್ತಿರ ಬನ್ನಿ. ಸೀಮೆಎಣ್ಣೆ, ಬ್ರಷ್, ಗೇರ್ ಆಯಿಲ್ ನನ್ನ ಹತ್ತಿರ ಇದೆ. ಹಳೇ ಬಟ್ಟೆ ನೀವೇ ತನ್ನಿ.