ಈ ಹಗ್ಗ ಸಿಗಲ್ಲ

"ಸಾವಿರದಿನ್ನೂರು ಕೊಟ್ರೆ ನಂಗೇನ್ ಸಿಗುತ್ತೆ ಮೇಡಂ?"

"ಅದನ್ನ ಆಮೇಲೆ ಹೇಳ್ತೀನಪ್ಪಾ. ಈ ಹಗ್ಗ ಅಂತೂ ಸಿಗಲ್ಲ."

ಭಾನುವಾರದಿಂದ ಈ ಎರಡು ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಕೇಳಿದವನು ಇಪ್ಪತ್ತೈದರ ಹುಡುಗ, ಟ್ರೆಕ್ಕಿಂಗ್ ಕ್ಲಬ್ಬಿಗೆ ಸೇರೋಣವೆಂದು ಬಂದಿದ್ದ. ಹೇಳಿದವರು ಬ್ಯಾಂಕಿನಿಂದ ನಿವೃತ್ತರಾದ ಖಜಾಂಚಿ ಮೇಡಂ. ಜಯನಗರದ ಮನೆಯೊಂದರ ಟೆರೇಸಿನ ಮೇಲಿರುವ ಕ್ಲಬ್ಬಿನ ಕೋಣೆಯಲ್ಲಿ ಅವರು ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಬಂಡೆ ಹತ್ತಲು ಬಳಸುವ 60 ಮೀಟರಿನ ನೀಲಿ ಹಗ್ಗ, ಪಕ್ಕದಲ್ಲಿ ತರಕಾರಿ ಚಾಕು, ಗೋಡೆಯ ಪ್ಲಗ್ಗಿನಲ್ಲಿ ಕಾಯುತ್ತಿದ್ದ ಸೋಲ್ಡರಿಂಗ್ ಕಡ್ಡಿ. ಹಗ್ಗವನ್ನು ಒಂದೊಂದೇ ಮೀಟರು ಅಳೆದು ಕತ್ತರಿಸುತ್ತಿದ್ದರು. ತುದಿಯ ಎಳೆ ಬಿಚ್ಚಿಕೊಳ್ಳದಂತೆ ಕಡ್ಡಿಯಿಂದ ಸುಟ್ಟಾಗ ನೈಲಾನ್ ಕಮಟು ವಾಸನೆ ಕೋಣೆ ತುಂಬುತ್ತಿತ್ತು. ಕತ್ತರಿಸಿದ ಬಾಯಲ್ಲಿ ಶಾವಿಗೆಯಂಥ ಎಳೆಗಳು, ಅಚ್ಚ ಬಿಳಿ. ಹಾಳಾಗಿದೆ ಎನ್ನಲು ಒಂದು ಗುರುತೂ ಇಲ್ಲ.

"ಚೆನ್ನಾಗೇ ಇದ್ಯಲ್ಲಾ?" ಅಂದ ಹುಡುಗ. ಮೇಡಂ ಮಾತಾಡದೆ ಹಗ್ಗದ ನೋಟ್‌ಬುಕ್ ಅವನತ್ತ ತಳ್ಳಿದರು.

ಪ್ರತಿ ಹಗ್ಗಕ್ಕೂ ಹೀಗೊಂದು ಪುಸ್ತಕ ಇರಲೇಬೇಕು. ಕೊಂಡ ದಿನ, ತಯಾರಾದ ವರ್ಷ, ದಪ್ಪ, ಹೋದ ಜಾಗ, ಒಯ್ದವರು, ತಂದಿಟ್ಟಾಗ ಕಂಡದ್ದು. ರಾಮನಗರ, ಸಾವನದುರ್ಗದ ಬಂಡೆಗಳು ಅರದಂತೆ. ಹಗ್ಗದ ಮೇಲು ಹೊದಿಕೆ ಅಲ್ಲಿ ಬೇಗ ನವೆದು ನೂಲು ಏಳುತ್ತದೆ. ಆದ್ದರಿಂದ ಪ್ರತಿ ಸಲವೂ ತುದಿಯಿಂದ ತುದಿಗೆ ಕೈಯಾಡಿಸಿ, ಅಲ್ಲಲ್ಲಿ ಬಗ್ಗಿಸಿ ನೋಡಬೇಕು. ಒಳ್ಳೆಯ ಹಗ್ಗ ಬಗ್ಗಿಸಿದರೆ ದುಂಡಗಿನ ಬಳೆಯಾಗುತ್ತದೆ. ಬಾಗಿಲ ತಿರುಗಣಿಯಂತೆ ಚಪ್ಪಟೆಯಾಗಿ ಮಡಿಚಿದರೆ ಒಳಗಿನ ತಿರುಳು ಹೋಗಿದೆ ಎಂದರ್ಥ. ಈ ಹಗ್ಗ ಆ ಪರೀಕ್ಷೆಗಳನ್ನೆಲ್ಲ ಪಾಸಾಗಿತ್ತು. ಪುಸ್ತಕದ ಕೊನೆಯ ಸಾಲು ಮಾತ್ರ ಬೇರೆ ಕೈಬರಹ: "ಕಾರಿನ ಡಿಕ್ಕಿಯಲ್ಲಿ ಹಳೇ ಬ್ಯಾಟರಿ ಪಕ್ಕ ಎರಡು ದಿನ ಇತ್ತು. ಚೀಲದ ಮೇಲೆ ಒಂದು ಕಲೆ ಇದೆ."

ಅಷ್ಟೇ. ಆ ಒಂದು ಸಾಲಿಗೆ ಹದಿನಾಲ್ಕು ಸಾವಿರದ ಹಗ್ಗ ಹೋಯಿತು. ಬ್ಯಾಟರಿಯಲ್ಲಿರುವುದು ಗಂಧಕಾಮ್ಲ, ನೈಲಾನಿಗೆ ಅದು ವಿಷ. ಆಮ್ಲ ತಾಗಿದ ಜಾಗ ಕಣ್ಣಿಗೆ ಕಾಣದೆ ಹೋಗಬಹುದು, ಕೈಗೂ ಸಿಗದಿರಬಹುದು. ತೊಳೆದರೆ ಹೋದ ಬಲ ವಾಪಸ್ ಬರುವುದಿಲ್ಲ. ಪರೀಕ್ಷಿಸಿ ನೋಡೋಣವೆಂದರೆ ಜಗ್ಗಿ ಹರಿಯುವುದೊಂದೇ ದಾರಿ. ಅನುಮಾನ ಬಂದ ಹಗ್ಗವನ್ನು ಮೂಲೆಗಿಟ್ಟರೆ ಆರು ತಿಂಗಳಲ್ಲಿ ಯಾರೋ "ಪರವಾಗಿಲ್ಲ ಬಿಡು" ಎಂದು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಹಾಗಾಗಿ ಅದೇ ವಾರ ಕತ್ತರಿಸಬೇಕು, ಇನ್ನೊಬ್ಬರು ಹತ್ತುವಷ್ಟು ಉದ್ದ ಉಳಿಯಬಾರದು.

ಆ ಸಾಲು ಬರೆದವರು ಹಳೆಯ ಸದಸ್ಯರು. ಬರೆಯದೆ ಸುಮ್ಮನಿದ್ದಿದ್ದರೆ ಒಂದು ನೊಣಕ್ಕೂ ಗೊತ್ತಾಗುತ್ತಿರಲಿಲ್ಲ. ಚೀಲ ಬದಲಾಯಿಸಿದ್ದರೆ ಮುಗಿಯುತ್ತಿತ್ತು. ಅವರಿಗೆ ದಂಡ ಹಾಕಬೇಕೆಂದು ಕಮಿಟಿಯಲ್ಲಿ ಒಬ್ಬರು ಹಟ ಹಿಡಿದರು, ಎಲ್ಲದಕ್ಕೂ ದಂಡವೇ ಮದ್ದು ಎಂದು ನಂಬಿರುವ ಮನುಷ್ಯ. ಮೇಡಂ ಒಪ್ಪಲಿಲ್ಲ. ಹಾಳು ಮಾಡಿದವರಿಗಲ್ಲ, ಹಾಳಾಗಿದ್ದನ್ನು ಮುಚ್ಚಿಟ್ಟವರಿಗೆ ದಂಡ ಎಂಬುದು ಮೊದಲಿನಿಂದಲೂ ಅವರ ನಿಯಮ. ಈ ಸಲ ಹದಿನಾಲ್ಕು ಸಾವಿರ ವಸೂಲಿ ಮಾಡಿದರೆ ಮುಂದಿನ ಸಲ ಪುಸ್ತಕದಲ್ಲಿ ಏನೂ ಬರೆದಿರುವುದಿಲ್ಲ. ಹಂಚಿಕೊಂಡು ಬಳಸುವ ಸಾಮಾನಿನ ಲೆಕ್ಕವೇ ಹೀಗೆ. ಟೆಂಟನ್ನು ಒದ್ದೆಯಾಗೇ ಸುತ್ತಿಟ್ಟರೆ ಒಳಲೇಪನ ಅಂಟಂಟಾಗಿ, ಮುಗ್ಗಲು ನಾತ ಹಿಡಿದು, ನೀರು ಒಸರುತ್ತದೆ. ಹಾಗೆಂದು ಬಿಸಿಲಲ್ಲಿ ದಿನಗಟ್ಟಲೆ ಹರವಿದರೂ ಬಟ್ಟೆ ಲಡ್ಡಾಗುತ್ತದೆ. ನೆರಳಲ್ಲಿ, ಗಾಳಿಗೆ ಒಣಗಿಸಬೇಕು. ಸ್ಲೀಪಿಂಗ್ ಬ್ಯಾಗನ್ನು ಸಣ್ಣ ಚೀಲಕ್ಕೆ ತುರುಕಿಯೇ ತಿಂಗಳುಗಟ್ಟಲೆ ಬಿಟ್ಟರೆ ಉಬ್ಬು ಹೋಗಿ ಹೊದಿಕೆಯಾಗಿ ಉಳಿಯುತ್ತದೆ, ಅದನ್ನು ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ಇಡಬೇಕು. ಇದೆಲ್ಲ ಎಲ್ಲರಿಗೂ ಗೊತ್ತು. ಭಾನುವಾರ ರಾತ್ರಿ ಹನ್ನೊಂದಕ್ಕೆ ಚಾರ್ಮಾಡಿ ಘಟ್ಟದಿಂದ ವಾಪಸ್ ಬಂದವರಿಗೆ ಯಾರಿಗೂ ನೆನಪಿರುವುದಿಲ್ಲ, ಅಷ್ಟೇ.

ಹುಡುಗನ ಪ್ರಶ್ನೆಗೆ ಬರುತ್ತೇನೆ. ತಪ್ಪೇನಿಲ್ಲ ಅದರಲ್ಲಿ. ವಾರಾಂತ್ಯಕ್ಕೆ ಟ್ರೆಕ್ ಕರೆದೊಯ್ಯುವವರಿಗೆ ದುಡ್ಡು ಕಟ್ಟಿದರೆ ಬಸ್ಸು, ಬೆಳಗಿನ ಇಡ್ಲಿ, ತುದಿಯಲ್ಲೊಂದು ಫೋಟೋ ಸಿಗುತ್ತದೆ. ಇಲ್ಲಿ ವರ್ಷಕ್ಕೆ 1,200 ಕಟ್ಟಿದ ಮೇಲೂ ಟ್ರೆಕ್ಕಿನ ಖರ್ಚು ಬೇರೆ. 140 ಜನರಿಂದ 1,68,000 ರೂಪಾಯಿ. ಕೋಣೆಯ ಬಾಡಿಗೆಗೆ 54,000. ಹಗ್ಗ, ಟೆಂಟು ಬದಲಾಯಿಸಲು 40,000. ಪ್ರಥಮ ಚಿಕಿತ್ಸೆಯ ತರಬೇತಿಗೆ 24,000. ಲೆಕ್ಕಪರಿಶೋಧನೆ, ನೋಂದಣಿ ಕಚೇರಿಯ ಕಾಗದಪತ್ರ, ಚಿಲ್ಲರೆ ರಿಪೇರಿ ಎಲ್ಲ ಸೇರಿ 20,000. ಉಳಿದ 30,000 ಸುಮ್ಮಸುಮ್ಮನೆ ಮುಟ್ಟಬಾರದ ದುಡ್ಡು.

ಆ 30,000 ಇದೆಯಲ್ಲ, ಕ್ಲಬ್ಬೆಂದರೆ ನಿಜಕ್ಕೂ ಅದೇ. ಕಾಲು ಉಳುಕಿದವರನ್ನು ಇಳಿಸಲು ಜೀಪು ಬೇಕಾದರೆ ಅದರಿಂದ. ಅದಕ್ಕಿಂತ ಮುಖ್ಯವಾಗಿ, ಲೀಡರ್ ಟ್ರೆಕ್ ರದ್ದು ಮಾಡಿದರೆ ಟೆಂಪೋ ಟ್ರಾವೆಲರಿನ ಅಡ್ವಾನ್ಸ್ ಅದರಿಂದ. ಘಟ್ಟದಲ್ಲಿ ಮಳೆ ಹಿಡಿದು ಹಳ್ಳ ಮೊಣಕಾಲು ಮೀರಿದೆ ಎಂದಿಟ್ಟುಕೊಳ್ಳಿ. ದಾಟಬಾರದು ಎಂದು ಲೀಡರಿಗೂ ಗೊತ್ತು. ಆದರೆ ಬೆನ್ನ ಹಿಂದೆ ದುಡ್ಡು ಕೊಟ್ಟು ಬಂದ ಮೂವತ್ತು ಜನ ನಿಂತಿದ್ದಾರೆ, ವಾಪಸ್ ಕೊಡಬೇಕಾದ ಹಣ ಅವನ ಜೇಬಿನದು. ಆಗ ಹಳ್ಳ ಸ್ವಲ್ಪ ಸಣ್ಣದಾಗಿ ಕಾಣತೊಡಗುತ್ತದೆ. ಕೆಟ್ಟ ಮನುಷ್ಯ ಎಂದಲ್ಲ, ಸಾಲ ಇರುವ ಮನುಷ್ಯ. ವಾಪಸ್ ಬಂದ ಲೀಡರನ್ನು ಕಾರಣ ಕೇಳಬಹುದು, ದುಡ್ಡು ಕೇಳಬಾರದು. ಅದನ್ನು ಆಗುಮಾಡುವುದು ಟ್ರೆಕ್ಕಿಗೆ ಬಾರದೆಯೂ 1,200 ಕಟ್ಟಿ ಮನೆಯಲ್ಲಿ ಕೂತವರು. ಅಂಥವರು ನಮ್ಮಲ್ಲಿ ಅರ್ಧಕ್ಕರ್ಧ ಇದ್ದಾರೆ. ಮಂಡಿ ನೋವಿನವರು, ಮಗು ಹುಟ್ಟಿದವರು, ಅಮೆರಿಕಕ್ಕೆ ಹೋದವರು. ಭಾಷಣ ಮಾಡುವಾಗ ಅಧ್ಯಕ್ಷರು ಇವರ ಹೆಸರನ್ನೇ ಎತ್ತುವುದಿಲ್ಲ.

2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾಲುಗಟ್ಟಿದ ಜಾತ್ರೆಯ ಚಿತ್ರಗಳು ಎಲ್ಲರ ಫೋನಿಗೂ ಬಂದಿದ್ದವು. ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ತಂದಿತು. ಮಿತಿ ಬೇಕಿತ್ತು. ಆದರೆ ಟಿಕೆಟ್ಟು ಎಷ್ಟು ಜನ ಹತ್ತುತ್ತಾರೆ ಎಂದಷ್ಟೇ ಹೇಳುತ್ತದೆ, ಯಾರು ಯಾರನ್ನು ನೋಡಿಕೊಳ್ಳುತ್ತಾರೆ ಎಂದಲ್ಲ. ಆಲ್ಪ್ಸ್‌ನಲ್ಲಿ ಇದನ್ನು ಬೇರೆ ರೀತಿಯಲ್ಲಿ ಕಟ್ಟಿದ್ದಾರೆ. 1869ರಲ್ಲಿ ಮ್ಯೂನಿಕ್‌ನಲ್ಲಿ ಶುರುವಾದ ಜರ್ಮನ್ ಆಲ್ಪೈನ್ ಕ್ಲಬ್ಬಿನ ಸದಸ್ಯರ ಚಂದಾದಿಂದ ಬೆಟ್ಟದ ಮೇಲೆ ತಂಗುಮನೆಗಳಾದವು, ಕಾಲುದಾರಿಗಳಾದವು. ಸದಸ್ಯರಿಗೆ ರಾತ್ರಿಯ ಬಾಡಿಗೆ ಕಡಿಮೆ. ಸದಸ್ಯರಲ್ಲದವರಿಗೂ ಬಾಗಿಲು ತೆರೆದಿರುತ್ತದೆ, ಸ್ವಲ್ಪ ಹೆಚ್ಚು ಕೊಡಬೇಕು ಅಷ್ಟೆ. ನಮ್ಮ ಹುಡುಗ ಅಲ್ಲಿ ಹೋಗಿ ನಂಗೇನ್ ಸಿಗುತ್ತೆ ಎಂದು ಕೇಳಿದ್ದರೆ ಯಾರೋ ಸೂಪಿನ ಬಟ್ಟಲು ಕೊಟ್ಟು ಕೂರಿಸುತ್ತಿದ್ದರೇನೋ. ಇಲ್ಲಿ ನಮ್ಮ ಮೇಡಂ ಕತ್ತರಿಸಿದ ಹಗ್ಗ ತೋರಿಸಿದರು.

ಇಷ್ಟನ್ನೂ ಅವರು ಅವನಿಗೆ ವಿವರಿಸಿದರೇ? ಇಲ್ಲ. "ಈ ಹಗ್ಗ ಅಂತೂ ಸಿಗಲ್ಲ" ಎಂದವರು, ತಲೆ ಎತ್ತದೆ, "ನೂರಾ ನಲವತ್ತು ಜನಕ್ಕೆ ತಲಾ ನೂರು ರೂಪಾಯಿ ಬಿತ್ತು" ಎಂದು ಗೊಣಗಿ ಮುಂದಿನ ಮೀಟರು ಅಳೆದರು. ಅವನು ಪುಸ್ತಕದ ಕೊನೆಯ ಸಾಲನ್ನು ಎರಡು ಸಲ ಓದಿದ. ಬರೆದವರು ಯಾರೆಂದು ಕೇಳಿದ. ಬಾಗಿಲ ಬಳಿ ಟೆಂಟಿನ ಕಡ್ಡಿಗಳನ್ನು ಒರೆಸುತ್ತಿದ್ದವರು ಕೈ ಎತ್ತಿದರು.

ಅವನು ಅಂದು ದುಡ್ಡು ಕಟ್ಟಲಿಲ್ಲ. ಗಂಟು ಕಲಿಯಲೆಂದು ಒಂದು ತುಂಡು ಕೇಳಿ ಇಸಿದುಕೊಂಡು ಹೋದ. ಬುಧವಾರ ರಾತ್ರಿ ಮೇಡಂ ಫೋನಿಗೆ ಒಂದು ಫೋಟೋ ಬಂತು. 8ರ ಆಕಾರದ ಎಂಟರ ಗಂಟು, ಎಳೆಗಳು ಜೋಡಿಜೋಡಿಯಾಗಿ ನೀಟಾಗೇ ಕೂತಿದ್ದವು. ಹೊರಗುಳಿದ ಬಾಲ ಮಾತ್ರ ಎರಡು ಬೆರಳಿನಷ್ಟು. ಹಗ್ಗದ ದಪ್ಪದ ಹತ್ತರಷ್ಟಾದರೂ ಇರಬೇಕು.

"ಬಾಲ ಗಿಡ್ಡ ಆಯ್ತು. ಬಿಚ್ಚಿ ಮತ್ತೆ ಹಾಕಪ್ಪಾ," ಎಂದು ಮೇಡಂ ಬರೆದರು.