ಸುತ್ತಿಕೊಳ್ಳುವ ಚಾಪೆ

7 ಫೆಬ್ರುವರಿ 2025, ಶುಕ್ರವಾರ

ಇವತ್ತು ನೆಂಟರ ಮನೆಯಲ್ಲಿ ಉಪನಯನ. ಎರಡನೇ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ಪಕ್ಕದ ಎಲೆಗೆ ವಯಸ್ಸಾದವರೊಬ್ಬರು ಬಂದು ಕೂತರು. ಸಂಸ್ಕೃತ ಮೇಷ್ಟ್ರಾಗಿ ರಿಟೈರ್ ಆದವರಂತೆ. ಕೋಸಂಬರಿ ಬಡಿಸುವ ಹೊತ್ತಿಗೆ ಎದುರು ಸಾಲಿನಿಂದ ಯಾರೋ 'ಈಗಿನ ಮಕ್ಕಳಿಗೆ ಸಂಸ್ಕಾರವೇ ಇಲ್ಲ' ಎಂದರು.

ನನಗೆ ಅಷ್ಟು ಸಾಕಿತ್ತು. ಯಾರೂ ಕೇಳದ ಚಿಲ್ಲರೆ ಸಂಗತಿಗಳನ್ನು ಹಂಚುವುದು ನನ್ನ ಹಳೇ ಚಟ. ಹೆಂಡತಿ ಅಲ್ಲಿಂದಲೇ ಕಣ್ಣು ಬಿಟ್ಟಳು. ನಾನು ನೋಡದವನಂತೆ ಶುರು ಮಾಡಿದೆ.

ಅನಂತಮೂರ್ತಿಯವರು 'ಸಂಸ್ಕಾರ' ಕಾದಂಬರಿ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್‌ಡಿ ಮಾಡುತ್ತಿದ್ದಾಗ. ಅದಕ್ಕೆ ಕಿಡಿ ಹೊತ್ತಿಸಿದ್ದು ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಸಿನಿಮಾ. ಅವರು ಅದನ್ನು ಸಬ್‌ಟೈಟಲ್ ಇಲ್ಲದೆ ನೋಡಿದ್ದರು! ಅಲ್ಲೂ ಪ್ಲೇಗು, ಇಲ್ಲೂ ಪ್ಲೇಗು. ಪುಸ್ತಕ ಬಂದದ್ದು 1965ರಲ್ಲಿ. ಅದನ್ನೇ ಆಧರಿಸಿದ 1970ರ ಸಿನಿಮಾಕ್ಕೆ ಮೊದಲು ಸೆನ್ಸಾರ್ ತಡೆ ಬಿತ್ತು, ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ. ಸತ್ತು ಮಲಗುವ ನಾರಣಪ್ಪನ ಪಾತ್ರ ಮಾಡಿದ್ದು ಲಂಕೇಶ್. ಕ್ಯಾಮೆರಾ ಹಿಡಿದದ್ದು ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದವರು. 1976ರಲ್ಲಿ ಎ.ಕೆ. ರಾಮಾನುಜನ್ ಕಾದಂಬರಿಯನ್ನು ಇಂಗ್ಲಿಷಿಗೆ ತಂದಾಗ ಹೆಸರನ್ನು ಹಾಗೇ ಬಿಟ್ಟರು. ಬದಲಿಗೆ 1894ರ ಕಿಟೆಲ್ ನಿಘಂಟಿನಿಂದ ಆ ಪದದ ಅರ್ಥಗಳನ್ನೆಲ್ಲ ಎತ್ತಿ ಪುಸ್ತಕದ ಮೊದಲಿಗೇ ಇಟ್ಟರು.

ಮೇಷ್ಟ್ರು ಪಲ್ಯ ಮುಗಿಸಿದರು. 'ಹೋಳಿಗೆಯೂ ಸಂಸ್ಕಾರವೇ, ಗೊತ್ತಾ?' ಎಂದರು.

ಚರಕ ಸಂಹಿತೆಯಲ್ಲಿ ಹೇಳಿದೆಯಂತೆ: ಒಂದು ವಸ್ತುವಿಗೆ ಬೇರೆ ಗುಣ ಬರುವಂತೆ ಮಾಡುವುದೇ ಸಂಸ್ಕಾರ. ಬೇಯಿಸುವುದು, ತೊಳೆಯುವುದು, ಕಡೆಯುವುದು ಎಲ್ಲ ಅದರಲ್ಲೇ ಬಂತು. ಆಹಾರ ಸಂಸ್ಕರಣೆ ಅಂತ ಬೋರ್ಡ್ ಹಾಕ್ತಾರಲ್ಲ, ಅದು ಹೊಸ ಮಾತೇನಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಮಾನ ಸ್ವಲ್ಪ ಉಳಿಯುತ್ತಿತ್ತು. ಅವರು ತರ್ಕಶಾಸ್ತ್ರದ ಮೊದಲ ಪಾಠದ ಪುಸ್ತಕ ತರ್ಕಸಂಗ್ರಹಕ್ಕೆ ಹೋದರು. ನ್ಯಾಯ, ವೈಶೇಷಿಕ ದರ್ಶನದವರ ಲೆಕ್ಕದಲ್ಲಿ ಸಂಸ್ಕಾರ ಮೂರು ಬಗೆ. ವೇಗ, ಭಾವನಾ, ಸ್ಥಿತಿಸ್ಥಾಪಕ. ಬಿಟ್ಟ ಬಾಣ ಬಿಲ್ಲಿನ ನಂಟು ಕಳೆದ ಮೇಲೂ ಓಡುತ್ತಿರುತ್ತದಲ್ಲ, ಅದು ವೇಗ. ಕಂಡದ್ದು, ಉಂಡದ್ದು ಒಳಗೆ ಉಳಿದು ಮುಂದೊಂದು ದಿನ ನೆನಪಾಗಿ ಏಳುತ್ತದೆ, ಅದು ಭಾವನಾ. ಸುತ್ತಿಟ್ಟ ಚಾಪೆಯನ್ನು ಬಿಡಿಸಿದರೂ ಕೈ ತೆಗೆದ ಕೂಡಲೇ ಮತ್ತೆ ಸುತ್ತಿಕೊಳ್ಳುತ್ತದೆ, ಅದು ಸ್ಥಿತಿಸ್ಥಾಪಕ. ಹೈಸ್ಕೂಲಿನಲ್ಲಿ ರಬ್ಬರ್ ಬ್ಯಾಂಡ್ ಎಳೆದು ಸ್ಥಿತಿಸ್ಥಾಪಕತ್ವ ಅಂತ ಬಾಯಿಪಾಠ ಮಾಡಿದ್ದೆವು. ಅದರ ಬೇರು ಇಲ್ಲಿದೆ ಅಂತ ಇವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ನಾನು ಅನ್ನ ಕಲಸುವುದನ್ನೇ ಮರೆತೆ. ಇಷ್ಟು ವರ್ಷ ಆ ಕಾದಂಬರಿಯ ಹೆಸರನ್ನು ಎರಡೇ ಕಡೆಯಿಂದ ನೋಡಿದ್ದೆ. ನಾರಣಪ್ಪನ ಹೆಣದ ಸಂಸ್ಕಾರ ಯಾರು ಮಾಡಬೇಕು ಅನ್ನುವುದು ಒಂದು. ಸಂಸ್ಕಾರವಂತ ಅಂದರೆ ಯಾರು ಅನ್ನುವುದು ಇನ್ನೊಂದು. ಹೆಣದ ಮಾತು ನಿಜಕ್ಕೂ ಬೇಗ ಮುಗಿಯುತ್ತದೆ. ಅಗ್ರಹಾರದವರು ಇನ್ನೂ ಶಾಸ್ತ್ರ ಹುಡುಕುತ್ತಿರುವಾಗಲೇ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಅಹಮದ್ ಬ್ಯಾರಿಯ ಸಹಾಯ ಪಡೆದು ರಾತ್ರೋರಾತ್ರಿ ಸುಟ್ಟುಬಿಡುತ್ತಾಳೆ. ಕಾದಂಬರಿ ಮಾತ್ರ ನಿಲ್ಲುವುದಿಲ್ಲ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ ಚಂದ್ರಿಯ ಜೊತೆಗಿನ ಆ ರಾತ್ರಿ ಮರೆಯಲಾಗುವುದಿಲ್ಲ. ಊರು ಬಿಟ್ಟು, ಗುರಿ ಇಲ್ಲದೆ, ಕಾಲು ಕರೆದುಕೊಂಡು ಹೋದ ಕಡೆ ನಡೆಯುತ್ತಾರೆ. ಕೊನೆಗೆ ತಮ್ಮ ಅಗ್ರಹಾರ ದೂರ್ವಾಸಪುರಕ್ಕೇ ಹೊರಡುತ್ತಾರೆ. ಲೇಖಕರು ತರ್ಕಸಂಗ್ರಹ ಮುಂದಿಟ್ಟುಕೊಂಡು ಬರೆದರು ಎಂದು ನಾನು ವಾದಿಸುವುದಿಲ್ಲ. ಆದರೆ ಭಾವನಾ, ವೇಗ, ಸ್ಥಿತಿಸ್ಥಾಪಕ ಮೂರೂ ಹೀಗೆ ಸಾಲಾಗಿ ಕೂತದ್ದನ್ನು ಕಂಡ ಮೇಲೆ ಕಾಣದ ಹಾಗೆ ಇರುವುದು ಕಷ್ಟ, ಅಲ್ವಾ?

ಮೇಷ್ಟ್ರಿಗೆ ಇದನ್ನೇ ಹೇಳಿದೆ. ಅವರು ಕಾದಂಬರಿ ಓದಿರಲಿಲ್ಲ. ಕಥೆ ಪೂರ್ತಿ ಹೇಳಿಸಿಕೊಂಡರು. 'ಹಾಗಾದರೆ ನಿಮ್ಮ ಆಚಾರ್ಯರು ಕೊನೆಗೆ ಚಾಪೆಯೋ, ಬಾಣವೋ?'

'ಅವರು ಗಾಡಿ ಹತ್ತಿದ್ದೇ ಕೊನೆ. ಊರು ಮುಟ್ಟಿದ್ದನ್ನು ಬರೆದಿಲ್ಲ' ಎಂದೆ.

'ಒಳ್ಳೇ ಜಾಗದಲ್ಲಿ ಬಿಟ್ಟಿದ್ದಾರೆ' ಎಂದು ಅವರು ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡರು.

ಸಂಜೆ ಮನೆಗೆ ಬಂದವನೇ ಕಪಾಟು ತಡಕಿದೆ. ಕೊನೆಯ ಪುಟಗಳನ್ನು ಇನ್ನೊಮ್ಮೆ ಓದಬೇಕಿತ್ತು. ಪುಸ್ತಕ ಇಲ್ಲ. ಯಾರಿಗೋ ಓದಲು ಕೊಟ್ಟಿದ್ದೇನೆ. ಯಾರಿಗೆ ಅಂತ ರಾತ್ರಿ ಊಟದವರೆಗೂ ಯೋಚಿಸಿದೆ, ನೆನಪಾಗಲಿಲ್ಲ. ನನ್ನ ಭಾವನಾ ಸಂಸ್ಕಾರ ಕೈಕೊಟ್ಟಿದೆ.